ಅರ್ಧ ಕಪ್ ಚಹಾ

ನಮಸ್ಕಾರ. ರೇಡಿಯೋದಲ್ಲಿ ಮಾತಾಡುವವರು ಮೊದಲು ಹೆಸರು ಹೇಳಬೇಕು, ಅಲ್ವಾ? ನಾನು ಹೇಳುವುದಿಲ್ಲ. ಕುಡಿತ ಬಿಡಬೇಕು ಅನ್ನುವವರು ಸೇರುವ ಒಂದು ಗುಂಪಿಗೆ ನಾನು ಹೋಗುತ್ತೇನೆ, ಅದರ ಪದ್ಧತಿ ಹಾಗಿದೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಅಂತ ಅದರ ಹೆಸರು, ಬಾಯಿಮಾತಿನಲ್ಲಿ ಎ.ಎ. ಅದಕ್ಕೆ 12 ಸಂಪ್ರದಾಯಗಳಿವೆ. ಪತ್ರಿಕೆ, ರೇಡಿಯೋ, ಸಿನಿಮಾದಲ್ಲಿ ಸದಸ್ಯ ತನ್ನ ಗುರುತು ಹೇಳಿಕೊಳ್ಳಬಾರದು ಅನ್ನುವುದು 11ನೆಯದು. ಹಾಗಾಗಿ ರಾಯಚೂರಿನವನು, ಹತ್ತಿ ಮಾರ್ಕೆಟಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವವನು ಅಂದುಕೊಳ್ಳಿ. ಅಷ್ಟು ಸಾಕು.

2007ರ ಜುಲೈ 1ಕ್ಕೆ ನಮ್ಮ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ನಾನು ಬಂದ್ ಆಗಲಿಲ್ಲ. ಪಾಕೀಟು ಬಿಟ್ಟು ವಿಸ್ಕಿಯ ನೈಂಟಿಗೆ ಬಂದೆ, ಅಷ್ಟೇ. ಬರಬರುತ್ತಾ ಬೆಳಿಗ್ಗೆ ಒಂದು ನೈಂಟಿ ಹಾಕದಿದ್ದರೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಒಂದು ಸಲ ಮಗಳ ಮೇಲೆ ಆಣೆ ಮಾಡಿ ಬಿಟ್ಟೇಬಿಟ್ಟೆ. ಎರಡನೇ ದಿನ ಬೆವರು, ನಡುಕ. ಮೂರನೇ ದಿನ ರಾತ್ರಿ ಗೋಡೆ ತುಂಬ ಇರುವೆ ಹರಿದಾಡಿದವು. ಇರಲೇ ಇಲ್ಲವಂತೆ. ನಾನು ಕಸಬರಿಗೆ ಹಿಡಿದು ಗೋಡೆ ಗುಡಿಸುತ್ತಿದ್ದೆನಂತೆ. ಮನೆಯವರು ಆಸ್ಪತ್ರೆಗೆ ಒಯ್ದರು.

ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ದಿನಾ ಜಾಸ್ತಿ ಕುಡಿಯುವವರು ಹಠ ಹಿಡಿದು ಮನೆಯಲ್ಲೇ ದಿಢೀರ್ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಅನ್ನುವ ಮತ್ತಿನ ಪುಡಿ, ಬೆರೆಸಿದ ಸೇಂದಿಗೆ ಬಿದ್ದವರಿಗೂ ಇದೇ ಮಾತು. ಡಾಕ್ಟರ ಹತ್ತಿರ ಹೋದರೆ ಮಾತ್ರೆ ಕೊಟ್ಟು, ವಿಟಮಿನ್ ಬಿ1 ಇಂಜೆಕ್ಷನ್ ಹಾಕಿ, ಕೆಲವು ದಿನಗಳಲ್ಲಿ ದಡ ಹಾಯಿಸುತ್ತಾರೆ.

ಮೈಯಿಂದ ಇಳಿಯಿತು. ತಲೆಯಿಂದ ಇಳಿಯಲಿಲ್ಲ. ಮನೆಗೆ ಕಳಿಸುವಾಗ ಡಾಕ್ಟರು ಇನ್ನೊಂದು ಚೀಟಿ ಕೊಟ್ಟರು. ಅದರಲ್ಲಿ ಔಷಧ ಇರಲಿಲ್ಲ. ಸಭೆ ಸೇರುವ ಜಾಗ, ವಾರ, ಹೊತ್ತು ಇತ್ತು.

ಮೂರು ವಾರ ಆ ಚೀಟಿ ಜೇಬಿನಲ್ಲೇ ಇತ್ತು. ನಾಲ್ಕನೇ ವಾರ ಹೋದೆ. ಒಂದು ಶಾಲೆಯ ಗೇಟು. ಬೈಕಿನ ಮೇಲೆ ಎರಡು ಸುತ್ತು ಹಾಕಿದೆ. ಯಾರಾದರೂ ನೋಡಿದರೆ? ತೀನ್ ಕಂದೀಲ್ ಹತ್ತಿರ ನಡುರಸ್ತೆಯಲ್ಲಿ ಬಿದ್ದಾಗ ಬಾರದ ನಾಚಿಕೆ ಆ ಗೇಟಿನ ಮುಂದೆ ಬಂತು ನೋಡಿ! ಮೂರನೇ ಸುತ್ತಿಗೆ ಒಳಗಿಂದ ಒಬ್ಬರು ಬಂದರು. "ಬರ್ರಿ ಅಣ್ಣಾರ, ಪೆಟ್ರೋಲ್ ಸುಮ್ನೆ ಯಾಕ ಸುಡ್ತೀರಿ" ಅಂದರು.

ಹನ್ನೊಂದು ಜನ, ಒಂದು ಫ್ಯಾನು, ಮಕ್ಕಳ ಬೆಂಚು. ಚಹಾ ಕೊಟ್ಟರು. ಎಲ್ಲರ ಕಪ್ಪು ತುಂಬಿತ್ತು, ನನ್ನದು ಮಾತ್ರ ಅರ್ಧ. ಇಲ್ಲೂ ತಾರತಮ್ಯವೇ ಅಂತ ಮನಸ್ಸಿನಲ್ಲೇ ಸಿಟ್ಟು ಬಂತು. ಆಮೇಲೆ ಕಪ್ಪು ಎತ್ತಿದೆ. ಕೈ ನಡುಗಿತು, ಚಹಾ ಅಂಚಿನವರೆಗೆ ಬಂದು ಹಿಂದೆ ಹೋಯಿತು. ಚೆಲ್ಲಲಿಲ್ಲ. ಕೊಟ್ಟವರಿಗೆ ಗೊತ್ತಿತ್ತು.

"ಏನೂ ಹೇಳಬ್ಯಾಡ್ರಿ, ಕೇಳ್ರಿ ಸಾಕು" ಅಂದರು. ಫಾರಂ ತುಂಬಿಸಲಿಲ್ಲ, ಜಾತಿ ಕೇಳಲಿಲ್ಲ. ಸದಸ್ಯನಾಗಲು ಕುಡಿತ ಬಿಡುವ ಆಸೆ ಇದ್ದರೆ ಮುಗಿಯಿತು. ಫೀಸಿಲ್ಲ. ಕೊನೆಗೆ ಒಂದು ಡಬ್ಬಿ ಬರುತ್ತದೆ, ಕೈಲಾದಷ್ಟು ಹಾಕಬಹುದು, ಹಾಕದಿದ್ದರೂ ಯಾರೂ ಮುಖ ನೋಡುವುದಿಲ್ಲ. ಹೊರಗಿನವರ ದೇಣಿಗೆ ಮಾತ್ರ ತಗೊಳ್ಳುವುದೇ ಇಲ್ಲ. ಒಬ್ಬೊಬ್ಬರೇ ತಮ್ಮ ಕಥೆ ಹೇಳಿದರು, ನಡುವೆ ಯಾರೂ ಬಾಯಿ ಹಾಕಲಿಲ್ಲ. ಬುದ್ಧಿ ಹೇಳುವವರು ಇರಲಿಲ್ಲ. ನನಗೆ ಅದೇ ದೊಡ್ಡ ಆಶ್ಚರ್ಯ, ಯಾಕಂದರೆ ಕುಡುಕನಿಗೆ ಬುದ್ಧಿ ಹೇಳದವರು ಊರಲ್ಲಿ ಯಾರಿದ್ದಾರೆ ಹೇಳಿ?

ಈ ಎ.ಎ. ಶುರುವಾದದ್ದು 1935ರಲ್ಲಿ, ಅಮೆರಿಕದ ಏಕ್ರನ್ ಊರಲ್ಲಿ. ಬಿಲ್ ಅನ್ನುವ ಶೇರು ವ್ಯಾಪಾರಿ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರ ಕೈಕೊಟ್ಟಿತ್ತು. ಹೋಟೆಲಿನಲ್ಲಿ ಒಂದು ಕಡೆ ಬಾರು, ಇನ್ನೊಂದು ಕಡೆ ಫೋನು. ಆತ ಫೋನಿನ ಕಡೆ ಹೋದ. ಮಾತಾಡಲು ಇನ್ನೊಬ್ಬ ಕುಡುಕ ಬೇಕು ಅಂತ ಹುಡುಕಿದ. ಸಿಕ್ಕಿದ್ದು ಬಾಬ್ ಅನ್ನುವ ಸರ್ಜನ್. ಹದಿನೈದು ನಿಮಿಷ ಕೊಡುತ್ತೇನೆ ಅಂದ ಡಾಕ್ಟರು ತಾಸುಗಟ್ಟಲೆ ಕೂತರು.

ನಾನು ಒಂದೇ ಸಲಕ್ಕೆ ಗೆದ್ದೆ ಅಂತ ತಿಳಿಯಬೇಡಿ. ಐದು ತಿಂಗಳಾದ ಮೇಲೆ ಒಂದು ಮದುವೆಯಲ್ಲಿ ಮತ್ತೆ ಕುಡಿದೆ. ಎರಡು ವಾರ ಮುಖ ತೋರಿಸಲಿಲ್ಲ. ಹೋದಾಗ "ಬರ್ರಿ" ಅಂದರು, ಚಹಾ ಕೊಟ್ಟರು. ಮತ್ತೆ ಅರ್ಧ ಕಪ್ಪು! ಎಣಿಕೆ ಒಂದನೇ ದಿನದಿಂದ ಶುರುವಾಯಿತು. ಮನೆಯಾಕೆ ಮಾತ್ರ ಆಗಲೂ ನಂಬಲಿಲ್ಲ, ನಂಬಬೇಕು ಅಂತ ನಾನೂ ಕೇಳಲಿಲ್ಲ. ಮನೆಯವರಿಗಾಗಿ ಅಲ್-ಅನಾನ್ ಅಂತ ಬೇರೆ ಗುಂಪುಗಳಿವೆ. ಗಂಡ ಬಿಡಲಿ, ಬಿಡದಿರಲಿ, ಹೆಂಡತಿ ಅಲ್ಲಿಗೆ ಹೋಗಬಹುದು.

ಗುಂಪು ಎಲ್ಲಿ ಸಿಗುತ್ತದೆ ಅಂತ ಕೇಳಿದರೆ, ಮೊದಲು ಸರ್ಕಾರಿ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ವಿಚಾರಿಸಿ. ಹುಚ್ಚರ ವಿಭಾಗ ಅಂತ ಹಿಂಜರಿಯಬೇಡಿ. ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಹಳ್ಳಿ ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಟ್ಟು ತೋರಿಸಿದರು. ಆ ಮಾದರಿ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು. ಫೋನಿನಲ್ಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ದುಡ್ಡಿಲ್ಲ. ಊರಲ್ಲಿ ಗುಂಪಿಲ್ಲದಿದ್ದರೆ ಮೊಬೈಲಿನಲ್ಲಿ ಸೇರುವ ಸಭೆಗಳೂ ಇವೆ.

ಈ ವಾರ ಚಹಾದ ಪಾಳಿ ನನ್ನದು. ಹಾಲು ತರಬೇಕು, ಹೊರಡುತ್ತೇನೆ. ನಮಸ್ಕಾರ.