ಆರ್ಲ್‌ನ ದಡದಲ್ಲಿ ಎರಡು ದೋಣಿಗಳು

ಆತ್ಮೀಯ ಸಭಿಕರೇ,

ದಕ್ಷಿಣ ಫ್ರಾನ್ಸಿನ ರೋನ್ ನದಿಯಲ್ಲಿ ಸಂಚರಿಸುವ ಪ್ರವಾಸಿ ಹಡಗುಗಳು ತಂಗುವ ಊರುಗಳಲ್ಲಿ ಆರ್ಲ್ ಒಂದು. ಊರು ಸಿಗುವ ಸ್ವಲ್ಪ ಮೊದಲೇ ನದಿ ಎರಡು ಕವಲಾಗುತ್ತದೆ. ಹಿರಿಯ ಕವಲು ಊರಿನ ಮಗ್ಗುಲಲ್ಲೇ ಹಾದು ಸಮುದ್ರದ ಕಡೆಗೆ ಸಾಗುತ್ತದೆ. ದಡಕ್ಕಿಳಿದವರನ್ನು ಸೆಳೆಯಲು ಇಲ್ಲಿ ಬೇಕಾದಷ್ಟಿದೆ. ಇಪ್ಪತ್ತು ಸಾವಿರ ಜನ ಕುಳಿತು ನೋಡಬಹುದಾಗಿದ್ದ ರೋಮನ್ನರ ಕ್ರೀಡಾಂಗಣವಿದೆ. 1888ರಲ್ಲಿ ಚಿತ್ರಕಾರ ವ್ಯಾನ್ ಗಾಗ್ ಬಾಡಿಗೆಗೆ ಹಿಡಿದ, 1944ರ ಬಾಂಬ್ ದಾಳಿಯಲ್ಲಿ ಹಾಳಾದ ಹಳದಿ ಮನೆಯ ಜಾಗವಿದೆ. ಅರ್ಧ ದಿನದ ಬಿಡುವಿನಲ್ಲಿ ಇವನ್ನೆಲ್ಲ ನೋಡುವ ಆತುರಕ್ಕೆ ಪ್ರಯಾಣಿಕರು ನದಿಗೆ ಬೆನ್ನು ಹಾಕಿ ನಡೆದುಬಿಡುತ್ತಾರೆ. ಅಲ್ಲಿಗೆ ಹೋಗುವವರಲ್ಲಿ ನನ್ನ ವಿನಂತಿಯೆಂದರೆ, ಮೊದಲು ನದಿ ಹರಿಯುವ ದಿಕ್ಕಿನಲ್ಲೇ ನಡೆದು, ಊರಂಚಿನ ನೀಲಿ ಬಣ್ಣದ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿರುವ ಮರದ ದೋಣಿಯನ್ನು ನೋಡಿ ಬನ್ನಿ.

ಆರ್ಲ್ ಬೆಳೆದದ್ದೇ ಸರಕು ಇಳಿಸಿ ಏರಿಸುವ ತಾಣವಾಗಿ. ಸ್ಪೇನಿನಿಂದ ಮಣ್ಣಿನ ಜಾಡಿಗಳಲ್ಲಿ ಬಂದ ಎಣ್ಣೆ, ಮೀನಿನ ರಸಗಳು ಇಲ್ಲಿ ಸಮುದ್ರದ ಹಡಗಿನಿಂದ ಇಳಿದು, ಚಪ್ಪಟೆ ತಳದ ನದಿ ದೋಣಿಗಳನ್ನು ಏರುತ್ತಿದ್ದವು. ಪ್ರವಾಹಕ್ಕೆ ಎದುರಾಗಿ ಆ ದೋಣಿಗಳನ್ನು ಹಗ್ಗ ಕಟ್ಟಿ ದಡದಿಂದ ಎಳೆಯಬೇಕಿತ್ತು. ಒಡೆದ, ಬೇಡವಾದ ಜಾಡಿಗಳನ್ನು ನೀರಿಗೆ ಎಸೆದು ಎಸೆದು ನದಿಯ ತಳವೇ ತಿಪ್ಪೆಯಾಯಿತು. ಆ ತಿಪ್ಪೆಯ ಅಡಿಯಲ್ಲಿ, ಹೂಳಿನೊಳಗೆ, 2004ರಲ್ಲಿ ಮುಳುಗುಗಾರರಿಗೆ ಈ ದೋಣಿ ಸಿಕ್ಕಿತು. ಅದರ ಉದ್ದ 31 ಮೀಟರ್, ಅಗಲ ಮೂರು ಮೀಟರಿನ ಆಸುಪಾಸು. ಕ್ರಿಸ್ತಶಕ ಒಂದನೆಯ ಶತಮಾನದ ನಡುಭಾಗದಲ್ಲಿ, ಸುಮಾರು 30 ಟನ್ ಕಟ್ಟಡದ ಕಲ್ಲು ಹೊತ್ತಿದ್ದಾಗಲೇ ಅದು ಮುಳುಗಿತ್ತು. 2011ರಲ್ಲಿ ಅದನ್ನು ಹತ್ತು ತುಂಡುಗಳಾಗಿ ಮೇಲೆತ್ತಿ, ಒಣಗಿ ಸೀಳದಂತೆ ಮರದೊಳಗಿನ ನೀರಿನ ಜಾಗಕ್ಕೆ ಮೇಣದಂಥ ರಾಸಾಯನಿಕವನ್ನು ಇಳಿಸಿ, 2013ರಲ್ಲಿ ಜನರ ಮುಂದಿಟ್ಟರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಗಾತ್ರವಲ್ಲ. ದೋಣಿಯವರು ದೊಡ್ಡದೊಂದು ಗುಡಾಣದ ಕೆಳಗಿನ ಅರ್ಧವನ್ನು ಉಳಿಸಿಕೊಂಡು ಅದನ್ನೇ ಒಲೆ ಮಾಡಿಕೊಂಡಿದ್ದರು. ಸೌದೆ ಸೀಳುವ ಕತ್ತಿ, ಉಣ್ಣುವ ತಟ್ಟೆಗಳು ಕೂಡ ಸಿಕ್ಕಿವೆ. ಎರಡು ಹಲಗೆಗಳ ಸಂದಿನಲ್ಲಿ, ಬಹುಶಃ ಒಳಿತಾಗಲೆಂದು, ಕಟ್ಟಿದ ಬಡಗಿ ಇಟ್ಟ ಒಂದು ಬೆಳ್ಳಿ ನಾಣ್ಯವೂ ಇತ್ತು. ಕ್ರೀಡಾಂಗಣದ ಕಲ್ಲುಗಳು ರೋಮಿನ ಅಧಿಕಾರವನ್ನು ಹೇಳುತ್ತವೆ. ಈ ಒಲೆ ಆ ಕಲ್ಲುಗಳನ್ನು ಹೊತ್ತು ತಂದಂಥವರ ಹಸಿವನ್ನು ಹೇಳುತ್ತದೆ.

ಇಂದಿನ ಪ್ರವಾಸಿ ಹಡಗು ನೂರು ಮೀಟರ್ ದಾಟಿದ ಉದ್ದದ್ದು. ಆದರೆ ಅಗಲದಲ್ಲಿ ಅದಕ್ಕೆ ಸ್ವಾತಂತ್ರ್ಯವಿಲ್ಲ. ಲಿಯೋನ್ ನಗರದಿಂದ ಕೆಳಗೆ ಹಡಗುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಜಲದ್ವಾರಗಳು 12 ಮೀಟರ್ ಅಗಲದವು, ಹಡಗು ಅದರೊಳಗೆ ಹಿಡಿಸಲೇಬೇಕು. ವಲಾಬ್ರೆಗ್ ಅಣೆಕಟ್ಟು ದಾಟಿದ ಮೇಲೆ ಆರ್ಲ್‌ವರೆಗೆ ಅಡ್ಡಗಟ್ಟೆಗಳಿಲ್ಲ. 2003ರ ಡಿಸೆಂಬರ್ ನೆರೆಯಲ್ಲಿ ಆರ್ಲ್‌ನ ಬಡಾವಣೆಗಳಿಗೇ ನೀರು ನುಗ್ಗಿತ್ತು. ಕಟ್ಟಿ ನಿಲ್ಲಿಸಿದ್ದ ಆ ಹಳೆಯ ದೋಣಿಯನ್ನು ಮುಳುಗಿಸಿದ್ದೂ ಇಂಥದೇ ಒಂದು ದಿಢೀರ್ ನೆರೆಯಿರಬೇಕೆಂದು ತಜ್ಞರು ಊಹಿಸುತ್ತಾರೆ.

ಸಂಜೆ ಹಡಗಿಗೆ ಮರಳಿ ಮೇಲಟ್ಟದಲ್ಲಿ ನಿಂತಾಗ ಎದುರು ದಡದಲ್ಲಿ ಊರಿನ ಟ್ರಾಂಕತಾಯ್ ಬಡಾವಣೆ ಕಾಣುತ್ತದೆ. ಆ ದೋಣಿ ಎರಡು ಸಾವಿರ ವರ್ಷ ಮಲಗಿದ್ದದ್ದು ಆ ದಡದ ಬುಡದಲ್ಲೇ. ಕೆಳಗೆ ಅಡುಗೆಮನೆಯಲ್ಲಿ ರಾತ್ರಿಯೂಟದ ಪಾತ್ರೆಗಳ ಸದ್ದು ಕೇಳುತ್ತಿರುತ್ತದೆ.