ನಡುಸಾಲಿನ ವಯೋಲದಿಂದ ಹ್ಯಾಮ್ಲೆಟ್‌ವರೆಗೆ

ಕೇಳುಗರಿಗೆ ನಮಸ್ಕಾರ.

ಪಿಟೀಲಿನ ಒಡಲನ್ನು ಕೊಂಚ ಹಿಗ್ಗಿಸಿ, ನಾಲ್ಕೂ ತಂತಿಗಳನ್ನು ಒಂದು ಪಂಚಮದಷ್ಟು ಕೆಳಗಿಳಿಸಿದರೆ ವಯೋಲ. ಪಾಶ್ಚಾತ್ಯ ವಾದ್ಯವೃಂದದಲ್ಲಿ ಅದು ಮೆರೆಯುವುದು ಅಪರೂಪ. ಮೇಲೆ ಪಿಟೀಲು, ಕೆಳಗೆ ಚೆಲ್ಲೊ, ನಡುವಿನ ಸ್ವರಗಳನ್ನು ತುಂಬುವುದೇ ಅದರ ಪಾಡು. 1961ರಲ್ಲಿ ಬ್ರಿಸ್ಬೇನ್‌ನಲ್ಲಿ ಹುಟ್ಟಿದ ಆಸ್ಟ್ರೇಲಿಯಾದ ಸಂಯೋಜಕ ಬ್ರೆಟ್ ಡೀನ್ 1985ರಿಂದ 1999ರವರೆಗೆ ಜರ್ಮನಿಯ ಹೆಸರಾಂತ ವಾದ್ಯವೃಂದ ಬರ್ಲಿನ್ ಫಿಲ್ಹಾರ್ಮೋನಿಕ್‌ನಲ್ಲಿ ನುಡಿಸಿದ್ದು ಇದನ್ನೇ. ಯಾವ ವಾದ್ಯ ಯಾವುದನ್ನು ಮುಚ್ಚಿಹಾಕುತ್ತದೆ, ಊದುವವರಿಗೆ ಉಸಿರು ಎಲ್ಲಿ ಸಾಲದು ಎಂಬುದೆಲ್ಲ ನಡುವೆ ಕುಳಿತವರ ಕಿವಿಗೆ ದಿನವೂ ಬೀಳುತ್ತದೆ. ಇದಕ್ಕಿಂತ ಒಳ್ಳೆಯ ಪಾಠಶಾಲೆ ಇರಲಿಕ್ಕಿಲ್ಲ.

ಅವರು ಸಂಯೋಜನೆಗೆ ಕೈಹಾಕಿದ್ದು 1988ರಲ್ಲಿ, ಪ್ರಯೋಗಶೀಲ ಸಿನಿಮಾ ಮತ್ತು ರೇಡಿಯೋ ಕೆಲಸಗಳಿಂದ. ನನ್ನ ಮಟ್ಟಿಗೆ ಅವರ ಕಸುಬು ನಿಚ್ಚಳವಾಗಿ ಕಾಣುವುದು 1997ರ 'ಕಾರ್ಲೊ' ಕೃತಿಯಲ್ಲಿ. 1590ರಲ್ಲಿ ಹೆಂಡತಿಯನ್ನೂ ಆಕೆಯ ಪ್ರಿಯಕರನನ್ನೂ ಕೊಂದ ಇಟಲಿಯ ರಾಜಕುಮಾರ, ಸಂಗೀತಗಾರ ಕಾರ್ಲೊ ಜೆಸ್ವಾಲ್ಡೊನ ಹಾಡು ಟೇಪಿನಲ್ಲಿ ಧ್ವನಿಮುದ್ರಿಸಿದ ದನಿಗಳಲ್ಲಿ ಕೇಳಿಸುತ್ತದೆ; ತಂತಿವಾದ್ಯಗಳು ಮೆಲ್ಲಗೆ ಅದರೊಳಗೆ ನುಸುಳುತ್ತವೆ. ಕಷ್ಟವಿರುವುದು ಇಲ್ಲೇ. ಟೇಪು ಯಾರಿಗೂ ಕಾಯುವುದಿಲ್ಲ. ಕೈಸನ್ನೆಯಿಂದ ವಾದ್ಯವೃಂದವನ್ನು ನಡೆಸುವ ನಿರ್ದೇಶಕರು ತುಸು ಎಳೆದರೂ ಲಯ ಕೈತಪ್ಪುತ್ತದೆ. ಟೇಪಿನ ಶ್ರುತಿಯೂ ಕದಲದು, ವಾದಕರೇ ಅದಕ್ಕೆ ಹೊಂದಿಕೊಳ್ಳಬೇಕು. ಸ್ಪೀಕರ್ ಜೋರಾಯಿತೋ, ತಂತಿಗಳು ಬರೀ ಪಕ್ಕವಾದ್ಯವಾಗಿಬಿಡುತ್ತವೆ.

2009ರಲ್ಲಿ ಸಂಗೀತ ಸಂಯೋಜನೆಗೆ ಕೊಡುವ ಅಮೆರಿಕದ ಗ್ರಾಮಯರ್ ಪ್ರಶಸ್ತಿ ತಂದದ್ದು ಅವರ ಪಿಟೀಲು ಕನ್ಚೆರ್ಟೊ, ಅಂದರೆ ಒಂಟಿ ಪಿಟೀಲು ಮುಂದೆ ನಿಂತು ವಾದ್ಯವೃಂದದೊಡನೆ ನುಡಿಯುವ ಕೃತಿ. ಅದರ ನಾಲ್ಕು ಭಾಗಗಳಿಗೂ 19ನೇ ಶತಮಾನದ ಒಂದೊಂದು ಕಾಗದವೇ ಆಧಾರ: ಸಂಯೋಜಕ ಬ್ರಾಮ್ಸ್, ಚಿತ್ರಕಾರ ವ್ಯಾನ್ ಗೋ, ಸಂಯೋಜಕ ಹ್ಯೂಗೊ ವೋಲ್ಫ್ ಬರೆದವು; ಕೊನೆಯದು ಆಸ್ಟ್ರೇಲಿಯಾದ ದರೋಡೆಕೋರ ನೆಡ್ ಕೆಲ್ಲಿ 1879ರಲ್ಲಿ ಹೇಳಿ ಬರೆಸಿದ ಜೆರಿಲ್ಡೆರಿ ಕಾಗದ. ಕೋಪದ ಕಾಗದ ಅದು, ಪಿಟೀಲೂ ಹಾಗೇ ಓಡುತ್ತದೆ.

2017ರಲ್ಲಿ ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್‌ನಲ್ಲಿ ಡೀನ್ ಅವರ 'ಹ್ಯಾಮ್ಲೆಟ್' ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ರಂಗಕ್ಕೆ ಬಂತು. ಮ್ಯಾಥ್ಯೂ ಜಾಸ್ಲಿನ್ ಷೇಕ್ಸ್‌ಪಿಯರನ ಮಾತುಗಳನ್ನೇ ಕತ್ತರಿಸಿ, ಹಿಂದುಮುಂದಾಗಿಸಿ ಪಠ್ಯ ಕಟ್ಟಿದರು. ಡೀನ್ ಕೆಲವು ವಾದಕರನ್ನು ವೇದಿಕೆಯ ಮುಂದಿನ ತಗ್ಗಿನಿಂದ ಎಬ್ಬಿಸಿ ಸಭಾಂಗಣದ ಮೇಲಂತಸ್ತಿಗೆ ಕಳಿಸಿದರು. ಹಾಡುವವರ ಚಿಕ್ಕ ತಂಡವೊಂದನ್ನು ಆ ತಗ್ಗಿನಲ್ಲೇ ಕೂರಿಸಿದರು. ಸದ್ದು ಕೇಳುಗರನ್ನು ಸುತ್ತುವರಿಯುತ್ತದೆ, ನಿಜ. ಆದರೆ ಸದ್ದಿಗೆ 34 ಮೀಟರ್ ದಾಟಲು ಸೆಕೆಂಡಿನ ಹತ್ತನೇ ಒಂದು ಪಾಲು ಬೇಕು. ದೂರ ಕುಳಿತವರು ಕಿವಿಯನ್ನು ನಂಬಿ ನುಡಿಸಿದರೆ ಖಂಡಿತ ಹಿಂದೆ ಬೀಳುತ್ತಾರೆ. ನಿರ್ದೇಶಕರ ಕೈಯನ್ನಷ್ಟೇ ನೋಡಿ ನುಡಿಸಬೇಕು. ಗ್ಲೈಂಡ್‌ಬೋರ್ನ್‌ನಲ್ಲಿರುವುದು ಸುಮಾರು 1,200 ಆಸನ. ಇದೇ ಒಪೆರಾ 2022ರಲ್ಲಿ ಹೋದದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾಕ್ಕೆ, ಅದರ ಮೂರು ಪಟ್ಟು ಜನ ಹಿಡಿಸುವ ಸಭಾಂಗಣಕ್ಕೆ.