ಕೆಸರಲ್ಲಿ ಕೂತವನ ಮಾತು: ಜೌಗಿನ ಹಕ್ಕಿಗಳ ಫೋಟೋ ತೆಗೆಯೋ ಹವ್ಯಾಸ

ಎಲ್ರಿಗೂ ನಮಸ್ಕಾರ. ಮೊದ್ಲೇ ಹೇಳಿಬಿಡ್ತೀನಿ, ನಾನು ಪ್ರೊಫೆಷನಲ್ ಫೋಟೋಗ್ರಾಫರ್ ಅಲ್ಲ, ನನ್ನ ಫೋಟೋ ಯಾವ ಮ್ಯಾಗಜೀನ್ ಕವರಲ್ಲೂ ಬಂದಿಲ್ಲ, ವಾರವಿಡೀ ಕೆಲಸ ಮಾಡ್ಕೊಂಡು ರಜಾ ದಿನ ಬೆಳಿಗ್ಗೆ ಕೆರೆ ಅಂಚಿನ ಕೆಸರಲ್ಲಿ ಹೊಟ್ಟೆ ಮೇಲೆ ಮಲಗೋ ಆಸಾಮಿ, ಅಷ್ಟೇ. ಕಾರ್ಯಕ್ರಮದವರು ಫೋನ್ ಮಾಡಿದಾಗ ‘ಯಾವ ಲೆನ್ಸ್ ತಗೋಬೇಕು ಅಂತ ಹೇಳಿಬಿಡಿ ಸಾರ್, ಜನ ಅದನ್ನೇ ಕೇಳೋದು’ ಅಂದ್ರು. ಹೇಳ್ತೀನಿ, ಆದ್ರೆ ಅದಕ್ಕೆ ಎರಡು ನಿಮಿಷ ಸಾಕು. ಉಳಿದ ಟೈಮಲ್ಲಿ ಕೂರೋದ್ರ ಬಗ್ಗೆ ಮಾತಾಡ್ತೀನಿ. ನಗಬೇಡಿ, ನಿಜವಾಗ್ಲೂ ಕೂರೋದ್ರ ಬಗ್ಗೇನೇ, ಯಾಕಂದ್ರೆ ಹತ್ತು ವರ್ಷದಲ್ಲಿ ನಾನು ಕಲಿತಿದ್ದು ಅದೊಂದೇ.

ಜೌಗು ಅಂದ ತಕ್ಷಣ ದೊಡ್ಡ ಕೆರೆ, ಬೋಟು, ವೀಕ್ಷಣಾ ಗೋಪುರ ಇವೆಲ್ಲ ಕಣ್ಮುಂದೆ ಬರತ್ತೆ ಅಲ್ವಾ. 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸಾರ್ ಅನ್ನೋ ಊರಲ್ಲಿ ಜೌಗುಗಳ ಬಗ್ಗೆ ಒಂದು ಅಂತಾರಾಷ್ಟ್ರೀಯ ಒಪ್ಪಂದ ಆಯ್ತು, ಅದ್ರಲ್ಲಿ ಜೌಗು ಅಂದ್ರೆ ಏನು ಅನ್ನೋ ವ್ಯಾಖ್ಯಾನ ಎಷ್ಟು ಧಾರಾಳವಾಗಿದೆ ಅಂದ್ರೆ, ಸಹಜವಾಗಿ ಆಗಿದ್ರೂ ಸರಿ ಮನುಷ್ಯ ಮಾಡಿದ್ರೂ ಸರಿ, ನೀರು ನಿಂತಿದ್ರೂ ಸರಿ ಹರೀತಿದ್ರೂ ಸರಿ, ವರ್ಷಪೂರ್ತಿ ಇದ್ರೂ ಒಂದೆರಡು ತಿಂಗಳು ಇದ್ರೂ ಸರಿ, ಸಿಹಿನೀರೋ ಉಪ್ಪುನೀರೋ ಎಲ್ಲಾ ಸೇರತ್ತೆ, ಸಮುದ್ರದ ಕಡೆ ಇಳಿತದ ಹೊತ್ತಲ್ಲಿ ಆರು ಮೀಟರ್ ಆಳದವರೆಗೂ ಜೌಗೇ. ಅಂದ್ರೆ ಭತ್ತದ ಗದ್ದೆ, ಉಪ್ಪು ತೆಗೆಯೋ ಮಡಿಗಳು, ಕೊಳಚೆ ನೀರು ಶುದ್ಧ ಮಾಡೋ ಹೊಂಡ, ಎಲ್ಲಾನೂ. ನನ್ನ ಅತ್ಯುತ್ತಮ ಹತ್ತು ಫೋಟೋದಲ್ಲಿ ನಾಲ್ಕು ಅಂಥ ಕೊಳಚೆ ಹೊಂಡದ್ದು. ವಾಸನೆ ಫೋಟೋದಲ್ಲಿ ಬರಲ್ಲ, ಅದೊಂದು ಪುಣ್ಯ.

ಈಗ ಲೆನ್ಸ್. 300 ಅಥವಾ 400 ಎಂಎಂ ತನಕ ಹೋಗೋ ಯಾವುದಾದ್ರೂ ಜೂಮ್, ಕ್ರಾಪ್ ಸೆನ್ಸರ್, ಅಂದ್ರೆ ಒಳಗಿನ ಸೆನ್ಸರ್ ಸ್ವಲ್ಪ ಚಿಕ್ಕದಿರೋ ಕ್ಯಾಮೆರಾಗೆ ಹಾಕಿದ್ರೆ ಒಂದೂವರೆ ಪಟ್ಟು ಹತ್ತಿರ ಕಂಡಂಗಾಗತ್ತೆ, ಶುರು ಮಾಡೋಕೆ ಬೇಕಾದಷ್ಟಾಯ್ತು. 600 ಇರೋರು ಸುಖವಾಗಿರಿ. ಆದ್ರೆ ನೀರಿನ ಮೇಲೆ ದೂರದಿಂದ ತೆಗೆಯೋದ್ರಲ್ಲಿ ಒಂದು ಕಷ್ಟ ಇದೆ, ಅಂಗಡಿಯಲ್ಲಿ ಯಾರೂ ಹೇಳಲ್ಲ. ಬಿಸಿಲೇರಿದಂಗೆ ಕೆಸರು, ನೀರು, ಮೇಲಿನ ಗಾಳಿ ಬೇರೆ ಬೇರೆ ಥರ ಕಾಯತ್ತೆ, ಬಿಸಿಗಾಳಿ ಅಲೆ ಅಲೆಯಾಗಿ ಏಳತ್ತೆ, ಟಾರ್ ರಸ್ತೆ ಮೇಲೆ ಮಧ್ಯಾಹ್ನ ಕಾಣತ್ತಲ್ಲ, ಅದೇ. ಬೆಳಿಗ್ಗೆ ಎಂಟೂವರೆ ಒಂಬತ್ತು ಆದ್ಮೇಲೆ ದೂರದ ಹಕ್ಕಿ ಎಂಥ ಲೆನ್ಸಲ್ಲೂ ಮಸುಕು ಮಸುಕು. ನಾನು ಒಂದಿಡೀ ಸೀಸನ್ ಲೆನ್ಸ್ ಕೆಟ್ಟೋಗಿದೆ ಅಂತ ಬೈಕೊಂಡು ಸರ್ವಿಸ್‌ಗೆ ಕೊಟ್ಟು ಬಂದೆ, ಅವ್ರು ‘ಲೆನ್ಸ್ ಚೆನ್ನಾಗೇ ಇದೆ’ ಅಂತ ವಾಪಸ್ ಕೊಟ್ರು, ಅವ್ರ ಮೇಲೂ ಬೈದೆ. ತಪ್ಪು ಲೆನ್ಸಿನದಲ್ಲ, ನಾನು ಲೇಟಾಗಿ ಎದ್ದು ಹೋಗ್ತಿದ್ದೆ. ಹಾಗಾಗಿ ದುಡ್ಡು ಕೊಟ್ಟು ದೂರವನ್ನ ಗೆಲ್ಲೋಕಾಗಲ್ಲ, ಹಕ್ಕಿನೇ ಹತ್ರ ಬರಬೇಕು, ಬರಬೇಕು ಅಂದ್ರೆ ನಾವು ಕೂರಬೇಕು, ಅಲ್ಲಿಗೇ ಬಂದೆ ನೋಡಿ.

ಕೂರೋದು ಹೇಗೆ. ಬೆಳಕು ಬರೋಕೆ ಮುಂಚೆ ಹೋಗಿ, ಸೂರ್ಯ ಬೆನ್ನಿಗಿರೋ ಹಾಗೆ ಜಾಗ ನೋಡ್ಕೊಳ್ಳಿ. ಗಾಳಿನೂ ಬೆನ್ನಿಗಿದ್ರೆ ಇನ್ನೂ ಚೆಂದ, ಹಕ್ಕಿ ಏಳೋದೂ ಇಳಿಯೋದೂ ಗಾಳಿಗೆ ಎದುರಾಗಿ, ಆಗ ಅದರ ಮುಖ ನಿಮ್ಮ ಕಡೆಗಿರತ್ತೆ. ಗಾಳಿ ಎದುರಿಂದ ಬೀಸ್ತಿದ್ರೆ ಬೆಳಿಗ್ಗೆಯೆಲ್ಲಾ ಬಾಲದ ಫೋಟೋ ಸಿಗತ್ತೆ, ನನ್ನ ಹಳೇ ಹಾರ್ಡ್‌ಡಿಸ್ಕ್ ತುಂಬಾ ಅದೇ ಇದೆ. ಆಮೇಲೆ ಕೆಳಗೆ, ಇನ್ನೂ ಕೆಳಗೆ. ನಿಂತು ತೆಗೆದ್ರೆ ಹಕ್ಕಿ ಹಿಂದೆ ಬರೀ ನೀರು, ಕಸ, ತೇಲೋ ಬಾಟಲಿ. ಲೆನ್ಸ್ ನೀರಿನ ಮಟ್ಟಕ್ಕೆ ಒಂದು ಗೇಣು ಮೇಲಿದ್ರೆ ಹಿಂದಿನದ್ದೆಲ್ಲಾ ದೂರ ಹೋಗಿ ಕರಗಿ ಬಣ್ಣ ಆಗಿಬಿಡತ್ತೆ, ಗುಳುಮುಳುಕ ಅನ್ನೋ ಪುಟ್ಟ ನೀರುಹಕ್ಕಿ ನಮ್ಮ ಕಣ್ಣಿಗೆ ಕಣ್ಣಿಟ್ಟು ನೋಡತ್ತೆ. ಟ್ರೈಪಾಡ್ ಬೇಡ, ಒಂದು ಬಟ್ಟೆ ಚೀಲಕ್ಕೆ ಕಾಳು ತುಂಬ್ಕೊಂಡು ಹೋಗಿ ಅದರ ಮೇಲೆ ಲೆನ್ಸ್ ಇಡಿ, ಕೆಳಗೆ ಪ್ಲಾಸ್ಟಿಕ್ ಶೀಟ್. ಮಲಗೋಕೆ ಮುಂಚೆ ಒಂದು ಕೋಲಲ್ಲಿ ಕೆಸರು ಎಷ್ಟು ಆಳ ಇದೆ ಅಂತ ಚುಚ್ಚಿ ನೋಡಿ, ಮರೀಬೇಡಿ, ನನ್ನ ಒಂದು ಬೂಟು ಇವತ್ತಿಗೂ ಅಲ್ಲೇ ಇದೆ.

ಮೊದಲ ಇಪ್ಪತ್ತು ನಿಮಿಷ ಏನೂ ಆಗಲ್ಲ. ನೀವು ಬಂದಾಗ ಎದ್ದು ಹೋದ ಹಕ್ಕಿಗಳೆಲ್ಲಾ ಆ ಕಡೆ ದಂಡೆಯಲ್ಲಿ ಕತ್ತು ಉದ್ದ ಮಾಡ್ಕೊಂಡು ನಿಮ್ಮನ್ನೇ ನೋಡ್ತಿರ್ತವೆ, ಟಿಟ್ಟಿಭ ಒಂದು ಮೇಲೆ ಸುತ್ತು ಹಾಕ್ತಾ ಊರಿಗೆಲ್ಲಾ ಕೇಳೋ ಹಾಗೆ ಚಾಡಿ ಹೇಳ್ತಿರತ್ತೆ. ಅರ್ಧ ಗಂಟೆ ಕಳೀಲಿ. ನಾಮದ ಕೋಳಿಗಳು ಮತ್ತೆ ಜಗಳ ಶುರು ಮಾಡ್ತವೆ, ಕೊಳದ ಬಕ ಇಷ್ಟೊತ್ತೂ ಅಲ್ಲೇ ಮುದುಡಿ ಕೂತಿತ್ತು ಅನ್ನೋದು ನಿಮಗೆ ಆಗ ಗೊತ್ತಾಗತ್ತೆ, ಮಣ್ಣಿನ ಬಣ್ಣದ ಆ ಪ್ರಾಣಿ ಎದ್ರೆ ಸಾಕು ಬಿಳಿ ರೆಕ್ಕೆ ಫಳ್ ಅಂತ ತೆರಕೊಳ್ಳತ್ತೆ. ಮಿಂಚುಳ್ಳಿ ಅಂತೂ ಒಂದೇ ಕೊಂಬೆಗೆ ಮತ್ತೆ ಮತ್ತೆ ಬರತ್ತೆ, ಅದನ್ನ ಅಟ್ಟಿಸ್ಕೊಂಡು ಹೋಗೋರನ್ನ ಕಂಡ್ರೆ ನಂಗೆ ಅಯ್ಯೋ ಅನ್ಸತ್ತೆ, ಬಿಟ್ಟು ಹೋದ ಕೊಂಬೆಗೆ ಫೋಕಸ್ ಮಾಡ್ಕೊಂಡು ಸುಮ್ನೆ ಇರಿ ಮಾರಾಯ್ರೆ.

ಇಲ್ಲೇ ಸ್ವಲ್ಪ ಸೆಟ್ಟಿಂಗ್ ಹೇಳಿ ಮುಗಿಸ್ತೀನಿ. ನಡೆದಾಡೋ ಹಕ್ಕಿಗೆ ಶಟರ್ 1/500 ಸೆಕೆಂಡ್ ಸಾಕು, ಹಾರೋದಕ್ಕೆ 1/2000, ಮಿಂಚುಳ್ಳಿ ಮುಳುಗು ಹಾಕೋದಕ್ಕೆ 1/3200ರ ಮೇಲೆ ಇಟ್ರೂ ಅದೃಷ್ಟ ಬೇಕು. ಆಟೋಫೋಕಸ್ ಕಂಟಿನ್ಯೂಯಸ್‌ನಲ್ಲಿರಲಿ. ಕಪ್ಪು ನೀರಲ್ಲಿ ಬೆಳ್ಳಕ್ಕಿ ನಿಂತಿದ್ರೆ ಕ್ಯಾಮೆರಾಗೆ ಕತ್ತಲೆ ಅನ್ಸಿ ಬೆಳಕು ಜಾಸ್ತಿ ಮಾಡತ್ತೆ, ಗರಿಯೆಲ್ಲಾ ಸುಣ್ಣ ಬಳಿದಂಗೆ ಆಗತ್ತೆ, ಅದಕ್ಕೆ ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದ್ರೆ ಬೆಳಕು ಅರ್ಧಕ್ಕೆ, ಇಳಿಸಿ. ಹೊಳೆಯೋ ನೀರಲ್ಲಿ ನೀರುಕಾಗೆ ಇದ್ರೆ ಇದರ ಉಲ್ಟಾ. ಹಿಸ್ಟೋಗ್ರಾಮ್, ಅಂದ್ರೆ ಫೋಟೋದಲ್ಲಿ ಕತ್ತಲೆ ಬೆಳಕು ಎಷ್ಟೆಷ್ಟಿದೆ ಅಂತ ತೋರಿಸೋ ಗ್ರಾಫ್, ನೋಡೋ ಅಭ್ಯಾಸ ಮಾಡ್ಕೊಳ್ಳಿ, ಸ್ಕ್ರೀನ್ ಬಿಸಿಲಲ್ಲಿ ಸುಳ್ಳು ಹೇಳತ್ತೆ. ಪ್ರತಿಬಿಂಬಕ್ಕೆ ಕೆಳಗೆ ಜಾಗ ಬಿಡಿ, ಅರ್ಧ ಕೊಕ್ಕು ಕತ್ತರಿಸಿದ ಪ್ರತಿಬಿಂಬ ನೋಡೋಕೆ ಹಿಂಸೆ.

ಆದ್ರೆ ಸೆಟ್ಟಿಂಗಿಗಿಂತ ಹಕ್ಕಿಯ ಅಭ್ಯಾಸ ಗೊತ್ತಿರೋದು ಲಾಭ. ವರಟೆ ಥರದ ಬಾತುಗಳು ಇದ್ದಲ್ಲಿಂದ ಸೀದಾ ಮೇಲಕ್ಕೆ ಚಿಮ್ಮತ್ತೆ, ನಾಮದ ಕೋಳಿ ನೀರಿನ ಮೇಲೆ ದಡಬಡ ಓಡಿ ಓಡಿ ಆಮೇಲೆ ಏಳತ್ತೆ, ಅಂದ್ರೆ ಎರಡನೇದಕ್ಕೆ ಕ್ಯಾಮೆರಾ ತಿರುಗಿಸೋಕೆ ಟೈಮಿದೆ, ಮೊದಲನೇದಕ್ಕಿಲ್ಲ. ಬಕ, ಕೊಕ್ಕರೆಗಳು ಏಳೋಕೆ ಮುಂಚೆ ತುಂಬಾ ಸಲ ಹಿಕ್ಕೆ ಹಾಕ್ತವೆ, ಕಾಲು ಬಗ್ಗಿಸಿ ಮುಂದಕ್ಕೆ ಬಾಗ್ತವೆ. ಬೆರಳು ಶಟರ್ ಮೇಲೆ ಇಡೋದು ಆಗ.

ಈ ಹವ್ಯಾಸದ ಹಳೇ ಜನರ ಕತೆ ಕೇಳಿದ್ರೆ ನಾವೆಲ್ಲಾ ಸೋಮಾರಿಗಳು. ಇಂಗ್ಲೆಂಡಿನ ನಾರ್ಫಕ್ ಕಡೆಯ ಜೌಗುಗಳಲ್ಲಿ ಎಮ್ಮಾ ಟರ್ನರ್ ಅಂತ ಒಬ್ಬ ಮಹಿಳೆ ದೋಣಿಮನೆಯಲ್ಲೇ ಎಷ್ಟೋ ಕಾಲ ಇದ್ದು ಫೋಟೋ ತೆಗೆಯೋರು, ಆ ದೋಣಿಗೂ ಒಂದು ಜೌಗುಹಕ್ಕಿಯದೇ ಹೆಸರು. ಬಿಟರ್ನ್ ಅಂತ ಜೊಂಡಿನೊಳಗೆ ಅಡಗಿರೋ ಹಕ್ಕಿ ಆ ದೇಶದಲ್ಲಿ ಮರಿ ಮಾಡೋದೇ ನಿಂತೋಗಿದೆ ಅಂದ್ಕೊಂಡಿದ್ರು. 1911ರಲ್ಲಿ ಈಯಮ್ಮ ಅದರ ಮರಿಯ ಫೋಟೋ ತೆಗೆದು ತೋರಿಸಿದ್ರು, ಹಕ್ಕಿ ವಾಪಸ್ ಬಂದಿದೆ ಅನ್ನೋದಕ್ಕೆ ಅದೇ ಸಾಕ್ಷಿ ಆಯ್ತು. ಇನ್ನೊಬ್ರು ಎರಿಕ್ ಹಾಸ್ಕಿಂಗ್, 1937ರಲ್ಲಿ ಗೂಬೆ ಗೂಡಿನ ಹತ್ರ ಹೋದಾಗ ಗೂಬೆ ಎರಗಿ ಎಡಗಣ್ಣೇ ಹೋಯ್ತು, ಅವ್ರು ಆಮೇಲೂ ಹಕ್ಕಿ ಫೋಟೋ ತೆಗೆಯೋದು ಬಿಡಲಿಲ್ಲ. ಗೂಬೆದು ತಪ್ಪು ಅಂತ ನಾನಂತೂ ಹೇಳಲ್ಲ.

ಗೂಡಿನ ಮಾತು ಬಂತಲ್ಲ, ಈಗ ನನ್ನದೊಂದು ತಪ್ಪು ಒಪ್ಕೋಬೇಕು. ಶುರುವಿನ ವರ್ಷ. ನೀರು ಇಳಿದ ದಂಡೆ ಮೇಲೆ ನಡ್ಕೊಂಡು ಹೋಗ್ತಿದ್ದೆ, ಒಂದು ಮೆಟ್ಟುಗಾಲು ಹಕ್ಕಿ, ಅದೇ ಉದ್ದ ಗುಲಾಬಿ ಕಾಲಿನ ಕಪ್ಪು ಬಿಳಿ ಹಕ್ಕಿ, ಹತ್ತು ಹೆಜ್ಜೆ ಮುಂದೆ ರೆಕ್ಕೆ ಬಿಚ್ಚಿ ನೆಲಕ್ಕೆ ಬಡಿದು ಕುಂಟ್ತಾ ಒದ್ದಾಡ್ತಾ ಇತ್ತು. ನನಗೋ ಖುಷಿಯೋ ಖುಷಿ, ಇಷ್ಟು ಹತ್ರ, ಇಷ್ಟು ನಾಟಕ, ಇನ್ನೂರು ಫ್ರೇಮ್ ತೆಗೆದೆ, ನಾನು ಹತ್ರ ಹೋದಂಗೆ ಅದು ಸ್ವಲ್ಪ ಮುಂದೆ ಹೋಗಿ ಮತ್ತೆ ಬೀಳ್ತಿತ್ತು, ಅರ್ಧ ಗಂಟೆ ಹೀಗೇ. ಆ ಫೋಟೋ ‘ನರ್ತನ’ ಅಂತ ಹೆಸರಿಟ್ಟು ಎಲ್ರಿಗೂ ಕಳಿಸ್ದೆ. ಹಕ್ಕಿ ಗೊತ್ತಿರೋ ಹಿರಿಯರೊಬ್ಬರು ಒಂದೇ ಸಾಲು ಬರೆದ್ರು, ‘ಮೊಟ್ಟೆ ತುಳೀಲಿಲ್ಲ ತಾನೇ?’ ಅಂತ. ಗಾಯ ಆದಂಗೆ ನಟಿಸಿ ಶತ್ರುನ ಗೂಡಿಂದ ದೂರ ಎಳ್ಕೊಂಡು ಹೋಗೋ ಉಪಾಯ ಅದು. ಅದರ ಗೂಡು ಅಂದ್ರೆ ನೆಲದ ಮೇಲೊಂದು ಚಿಕ್ಕ ಗುಂಡಿ, ಕಡ್ಡಿ ನಾಲ್ಕು, ಮೊಟ್ಟೆ ಸಾಮಾನ್ಯವಾಗಿ ನಾಲ್ಕು, ಮಣ್ಣಿನ ಬಣ್ಣಕ್ಕೆ ಚುಕ್ಕಿ, ಕಾಲ ಹತ್ರ ಇದ್ರೂ ಕಾಣಲ್ಲ. ನೆರಳಿಲ್ಲದ ಜಾಗ ಬೇರೆ. ನಾನು ‘ನರ್ತನ’ ಮಾಡಿಸ್ತಿದ್ದ ಅಷ್ಟೂ ಹೊತ್ತು ಮೊಟ್ಟೆ ಬಿಸಿಲಲ್ಲಿ ಬೇಯ್ತಾ ಇದ್ವು. ಮೊಟ್ಟೆ ಒಡೀತೋ ಇಲ್ವೋ ನೋಡೋಕೆ ವಾಪಸ್ ಹೋಗೋ ಧೈರ್ಯ ಆಗ್ಲಿಲ್ಲ.

ಹಾರಿಸೋದೂ ಹಾಗೇ. ಗುಂಪು ಎದ್ರೆ ಫೋಟೋ ಚೆನ್ನಾಗಿ ಬರತ್ತೆ ಅಂತ ಚಪ್ಪಾಳೆ ತಟ್ಟೋರು, ಕಲ್ಲು ಎಸೆಯೋರು ಇದಾರೆ, ಡ್ರೋನ್ ಬಿಡೋರೂ ಇದಾರೆ. ವಲಸೆ ಹಕ್ಕಿಗೆ ಜೌಗು ಅಂದ್ರೆ ದಾರಿ ಮಧ್ಯದ ಊಟದ ಮನೆ. 2022ರಲ್ಲಿ ಟ್ಯಾಗ್ ಹಾಕಿದ್ದ ಒಂದು ಗಾಡ್ವಿಟ್, ಅಂದ್ರೆ ಕೆಸರಲ್ಲಿ ಮೇಯೋ ಉದ್ದ ಕೊಕ್ಕಿನ ವಲಸೆ ಹಕ್ಕಿ, ಇನ್ನೂ ಒಂದು ವರ್ಷ ತುಂಬದ ಮರಿ, ಅಲಾಸ್ಕಾದಿಂದ ಟಾಸ್ಮೇನಿಯಾಗೆ 13,560 ಕಿಲೋಮೀಟರ್ ಎಲ್ಲೂ ಇಳೀದೆ 11 ದಿನದಲ್ಲಿ ಹಾರ್ತು. ಆ ಪ್ರಯಾಣಕ್ಕೆ ಬೇಕಾದ ಕೊಬ್ಬನ್ನೆಲ್ಲಾ ಅದು ಹೊರಡೋ ಮುಂಚೆ ಕೆಸರಲ್ಲಿ ಕೊಕ್ಕು ಊರಿ ಊರಿ ಮಾಡ್ಕೊಂಡಿದ್ದು. ಅಂಥ ಹಕ್ಕಿನ ನಿಮ್ಮ ಒಂದು ಫ್ರೇಮ್‌ಗೋಸ್ಕರ ದಿನಕ್ಕೆ ಆರು ಸಲ ಎಬ್ಬಿಸಿದ್ರೆ ಅದು ತಿನ್ನೋದು ಯಾವಾಗ. ತಿನ್ನೋದು ಬಿಟ್ಟು ಕತ್ತು ಎತ್ತಿ ನಿಮ್ಮನ್ನ ನೋಡಿದ್ರೆ ಅಲ್ಲೇ ನಿಲ್ಲಿ, ಮತ್ತೆ ತಲೆ ಬಗ್ಗಿಸಿ ತಿನ್ನೋಕೆ ಶುರು ಮಾಡ್ದೇ ಇದ್ರೆ ಎರಡು ಹೆಜ್ಜೆ ಹಿಂದೆ ಬನ್ನಿ, ನಂದು ಇದೊಂದೇ ರೂಲ್.

ಇನ್ನೊಂದು, ಕೆಟ್ಟ ಫೋಟೋ ಡಿಲೀಟ್ ಮಾಡೋ ಮುಂಚೆ ಕಾಲು ನೋಡಿ. ಹಕ್ಕಿ ಕಾಲಿಗೆ ಉಂಗುರನೋ ಬಣ್ಣದ ಪಟ್ಟಿನೋ ಇದ್ರೆ, ಅಕ್ಷರ ಅರ್ಧಂಬರ್ಧ ಓದೋ ಹಾಗಿದ್ರೂ, ಸಂಶೋಧಕರಿಗೆ ಅದು ಕೆಲಸಕ್ಕೆ ಬರತ್ತೆ. ದಿನಾಂಕ, ಜಾಗ ಸಮೇತ ಇ-ಬರ್ಡ್‌ಗೆ, ಅಂದ್ರೆ ಯಾರು ಬೇಕಾದ್ರೂ ಕಂಡ ಹಕ್ಕಿ ದಾಖಲಿಸೋ ಆನ್‌ಲೈನ್ ತಾಣಕ್ಕೆ, ಹಾಕಿ, 2002ರಿಂದ ಇದೆ ಅದು, ಅಪರೂಪದ ಕೆಲವು ಜಾತಿಗಳ ನಿಖರ ಜಾಗ ಅದು ತಾನೇ ಮುಚ್ಚಿಡತ್ತೆ. ಬೇರೆ ಕಡೆ ಹಾಕೋವಾಗ ಗೂಡಿನ ಲೊಕೇಶನ್ ನೀವೇ ತೆಗೆದುಬಿಡಿ, ಇಲ್ದಿದ್ರೆ ಮಾರನೇ ದಿನ ಮೂವತ್ತು ಜನ ಟ್ರೈಪಾಡ್ ಹಿಡ್ಕೊಂಡು ಬರ್ತಾರೆ.

ಸರಿ, ಟೈಮಾಯ್ತು ಅಂತ ಸನ್ನೆ ಮಾಡ್ತಿದಾರೆ. ಕೊನೇದಾಗಿ ಒಂದೇ ಒಂದು ಫೋಟೋ ತೋರಿಸ್ತೀನಿ. ನಾಲ್ಕು ವರ್ಷ ಆದ್ಮೇಲೆ ಮತ್ತೊಂದು ಮೆಟ್ಟುಗಾಲು ಗೂಡು, ಈ ಸಲ ದೂರದ ದಂಡೆ ಮೇಲೆ ಗಿಡದ ಮರೆಯಲ್ಲಿ ಮೂರು ಬೆಳಿಗ್ಗೆ ಕೂತಿದ್ದೆ, ಹಕ್ಕಿ ನನ್ನನ್ನ ಲೆಕ್ಕಕ್ಕೇ ತಗೊಳ್ಲಿಲ್ಲ. ಬಿಸಿಲೇರ್ತಿದ್ದಂಗೆ ಗೂಡಿಂದ ಎದ್ದು ನೀರಿಗೆ ಹೋಗಿ ಹೊಟ್ಟೆ ಗರಿ ಪೂರ್ತಿ ನೆನೆಸ್ಕೊಂಡು ಬಂದು, ನೀರು ತೊಟ್ಟಿಕ್ಕೋ ಹಾಗೇ ಮೊಟ್ಟೆ ಮೇಲೆ ಕೂತ್ಕೊಳ್ತು, ತಂಪಾಗ್ಲಿ ಅಂತ. ಸ್ವಲ್ಪ ಹೊತ್ತಾದ್ಮೇಲೆ ಮತ್ತೆ ಎದ್ದು ಹೋಯ್ತು, ಮತ್ತೆ ಬಂತು. ಬಿಸಿಗಾಳಿಗೆ ಫೋಟೋ ಅಷ್ಟು ಶಾರ್ಪ್ ಇಲ್ಲ, ಹಕ್ಕಿನೂ ಚಿಕ್ಕದಾಗಿದೆ. ಲೈಟ್ ಆಫ್ ಮಾಡಿ ಸ್ವಲ್ಪ. ಎಡಗಡೆ ಕೆಳಗೆ ನೋಡಿ, ಜೊಂಡಿನ ಪಕ್ಕ, ಹೊಟ್ಟೆ ಕೆಳಗೆ ಹನಿ ಕಾಣತ್ತಾ?